ಬೆಳ್ಳಿಮೀನಿನ ಎಡಮಗ್ಗುಲು

ಕೋಲಿನ ಸದ್ದು ಕಾರಿಡಾರಿನ ಆ ತುದಿಯಲ್ಲಿ ಕೇಳಿಸಿದಾಗ ಅವಳು ಕಾರನ್ನು ಮೂಗಿಗೆ ಹಿಡಿದಿದ್ದಳು.

ಇನ್ನೊಮ್ಮೆ ಉಸಿರೆಳೆದಳು. ಅದೇ ವಾಸನೆ. ಘಾಟು, ತುಸು ಸಿಹಿ, ಗಂಟಲ ಹಿಂದೆ ಹೋಗಿ ಕೂರುವಂಥದ್ದು. ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ಹಲ್ಲುಸೆಟ್ಟು ಕಟ್ಟಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಸಡಿನ ಭಾಗ ಎರಕ ಹೊಯ್ಯಲು ಗುಲಾಬಿ ಬಣ್ಣದ ಪುಡಿಯನ್ನು ದ್ರವದಲ್ಲಿ ಕಲಸುತ್ತಾರಲ್ಲ, ಆ ವಾಸನೆ. ಹೆಚ್ಚೆಂದರೆ ಮೂರು ದಿನ ಉಳಿಯುತ್ತದೆ. ಆಮೇಲೆ ಹಾರಿಹೋಗುತ್ತದೆ.

ಅಣ್ಣ ಕಾಣೆಯಾಗಿ ಇವತ್ತಿಗೆ ಹನ್ನೊಂದು ದಿನ.

ಟಕ್. ಟಕ್. ಕೋಲು ಹತ್ತಿರವಾಗುತ್ತಿತ್ತು.

ಕಾರನ್ನು ಮಗುಚಿದಳು. ಅಂಗೈಯುದ್ದದ ಮಾದರಿ, ನಿಜದ ಕಾರಿನ ನಲವತ್ತಮೂರನೇ ಒಂದು ಪಾಲು. ಹೊಟ್ಟೆಯ ಕಪ್ಪು ಬಣ್ಣವನ್ನು ಹಿಂದಿನ ಚಕ್ರದ ಪಕ್ಕ ಉಗುರಿನಿಂದ ಕೆರೆದಳು. ಕಪ್ಪಿನ ಕೆಳಗಿಂದ ಗುಲಾಬಿ ಇಣುಕಿತು. ಒಸಡಿನ ಗುಲಾಬಿ. ಕಾರಿನ ಮೈಯನ್ನು ಹಲ್ಲುಸೆಟ್ಟಿನ ಪುಡಿಯಲ್ಲಿ ಎರಕ ಹೊಯ್ಯುವ ಹುಚ್ಚ ಈ ಪ್ರಪಂಚದಲ್ಲಿ ಒಬ್ಬನೇ ಇದ್ದ. ಅವನಿಗೆ ಆ ಪುಡಿಯನ್ನು ಲ್ಯಾಬಿನಿಂದ ತಂದುಕೊಡುತ್ತಿದ್ದವಳು ಅವಳೇ.

ಅಂದರೆ ಮೊನ್ನೆ ಮೊನ್ನೆಯವರೆಗೂ ಅಣ್ಣ ಬದುಕಿದ್ದ. ಬದುಕಿ, ಕೆಲಸ ಮಾಡುತ್ತಿದ್ದ. ಈ ಮನೆಯಲ್ಲೋ, ಇದರ ಹತ್ತಿರದಲ್ಲೋ.

ಟಕ್. ಟಕ್. ಟಕ್.

ಕಾರನ್ನು ಇದ್ದ ಜಾಗದಲ್ಲೇ ಇಟ್ಟು, ಗಾಜಿನ ಬೀರುವಿನ ಬಾಗಿಲು ತಳ್ಳಿ, ಮೂರೇ ಹೆಜ್ಜೆಗೆ ಕುರ್ಚಿಯ ಪಕ್ಕ ಬಂದು ನಿಂತಳು. ಪೆಟ್ಟಿಗೆಯಿಂದ, ಅಳತೆ ನೋಡಲು ತಂದ ಮೇಣದ ಹಲ್ಲುಸೆಟ್ಟು ತೆಗೆದು ನೀರಿನ ಬಟ್ಟಲಿಗೆ ಅದ್ದಿದಳು. ಅವಸರದಲ್ಲಿ ಹಲ್ಲುಗಳು ಬಟ್ಟಲ ಅಂಚಿಗೆ ತಾಗಿ ಕಟಕಟ ಎಂದವು. ತನ್ನ ಬಾಯೊಳಗಿಂದಲೇ ಸದ್ದು ಬಂತೇನೋ ಅನ್ನಿಸಿತು.

ಅದನ್ನು ಮನೆ ಅನ್ನುವುದಕ್ಕಿಂತ ಗಾಜಿನಂಗಡಿ ಅನ್ನಬೇಕು. ನಾಲ್ಕೂ ಗೋಡೆಗೆ ನೆಲದಿಂದ ತಾರಸಿಯವರೆಗೆ ಗಾಜಿನ ಬೀರು. ಒಳಗೆ ಸಾಲು ಸಾಲು ಕಾರು. ರಸ್ತೆಯಲ್ಲಿ ಓಡಿದ್ದು ಒಂದೂ ಇಲ್ಲ. ಎಪ್ಪತ್ತು ವರ್ಷದ ಹಿಂದೆ ಕಂಪನಿಗಳು ಜನರ ಕಣ್ಣು ಕೋರೈಸಲು ಒಂದೊಂದೇ ಮಾಡಿ, ಪ್ರದರ್ಶನದಲ್ಲಿ ನಿಲ್ಲಿಸಿ, ಚಪ್ಪಾಳೆ ತಗ್ಗಿದ ಮೇಲೆ ಒಡೆದು ಗುಜರಿಗೆ ಹಾಕಿದ ಕಾನ್ಸೆಪ್ಟ್ ಕಾರುಗಳ ಪುಟಾಣಿ ಪ್ರತಿಗಳು ಅವು. ವಿಮಾನದ ಮೂಗಿನವು, ಮೂರೇ ಚಕ್ರದವು, ತಲೆಯ ಮೇಲೆ ಗಾಜಿನ ಗುಮ್ಮಟ ಹೊತ್ತವು. ಹುಟ್ಟಿದ್ದೇ ತಪ್ಪು ಅನ್ನುವ ಹಾಗೆ ಸತ್ತುಹೋದ ಕಾರುಗಳು.

ಇಷ್ಟೂ ಗಾಜಿನ ಒಡೆಯನಿಗೆ ಅಣ್ಣನ ಹಾಗೆ ಮಾದರಿ ಕಾರು ಮಾಡುವವರ ಬಳಗ ಇಟ್ಟ ಹೆಸರು ಗಾಜಿನ ತಾತ. ಒಳಗೆ ಯಾರೂ ಫೋಟೋ ತೆಗೆಯಬಾರದೆಂದು ತಾತನ ಸೊಸೆ ಬಾಗಿಲಲ್ಲೇ ಬುಟ್ಟಿ ಹಿಡಿದು ನಿಲ್ಲುತ್ತಾಳೆ. ಬಂದವರ ಫೋನು ಅದರೊಳಗೆ. ಅವಳದೂ ಅಲ್ಲಿಯೇ ಇತ್ತು.

ಪೊಲೀಸ್ ಠಾಣೆಯಲ್ಲಿ ಕೈಚೆಲ್ಲಿದ್ದರು. "ನಲವತ್ತು ದಾಟಿದ ಗಂಡಸು, ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಆಟದ ಕಾರು ಮಾಡ್ಕೊಂಡು ಕೂತಿದ್ದೋನಿಗೆ ಬುದ್ಧಿ ಬಂದು ಎಲ್ಲೋ ಹೋಗಿರ್ತಾನೆ ಬಿಡಿ," ಎಂದು ರೈಟರು ಆಕಳಿಸಿದ್ದ. ಅಣ್ಣನ ಮೇಜಿನ ಮೇಲಿದ್ದ ಕೊನೆಯ ಚೀಟಿಯಲ್ಲಿ ಈ ಮನೆಯ ವಿಳಾಸವಿತ್ತು. ಅದೇ ವಾರ ಲ್ಯಾಬಿಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರ ಹತ್ತಿರ ಗಾಜಿನ ತಾತನ ಒಡೆದ ಹಲ್ಲುಸೆಟ್ಟು ಬಂದಾಗ, ಅಳತೆ ನೋಡಲು ನಾನೇ ಮನೆಗೆ ಹೋಗಿಬರುತ್ತೇನೆ ಎಂದಳು. ಡಾಕ್ಟರು ಹುಬ್ಬೇರಿಸಿದರು, ಅಷ್ಟೆ.

ತುಸು ಮುಂಚೆ, ತಾತ ಬಾಯಿ ಮುಕ್ಕಳಿಸಲು ಹೋದಾಗ, ಕುರ್ಚಿಯ ಪಕ್ಕ ಒಬ್ಬಳೇ ನಿಂತಾಗಲೇ ಆಮೇಲೆ ಮೂಸಿದ ಆ ಕಾರು ಅವಳ ಕಣ್ಣಿಗೆ ಬಿದ್ದದ್ದು. ನಡುವಿನ ಬೀರು, ಎದೆಯೆತ್ತರದ ಅರೆ. ಬೆಳ್ಳಿಮೀನು.

ಆ ಕಾರನ್ನು ಅವಳು ಕಣ್ಣುಮುಚ್ಚಿ ಬರೆಯಬಲ್ಲಳು, ಅಷ್ಟು ವರ್ಷ ಅಣ್ಣ ಅದರ ಜಪ ಮಾಡಿದ್ದ. ಇದ್ದದ್ದು ಒಂದೇ ಕಾರು, ಉಳಿದದ್ದು ಮೂರೇ ಫೋಟೋ. ಮೂರೂ ಬಲಗಡೆಯಿಂದ ತೆಗೆದವು, ಯಾಕೆಂದರೆ ಪ್ರದರ್ಶನದಲ್ಲಿ ಅದನ್ನು ಎಡಮಗ್ಗುಲು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಬಲಕ್ಕೆ ಉದ್ದನೆಯ ಬಾಲದ ರೆಕ್ಕೆ, ಅರ್ಧ ಮುಚ್ಚಿದ ಚಕ್ರ, ಕಿವಿರಿನ ಹಾಗೆ ನಾಲ್ಕು ಸೀಳು. ಮಾದರಿ ಮಾಡುವವರೆಲ್ಲ ಬಲಗಡೆಯನ್ನೇ ಕನ್ನಡಿಯಲ್ಲಿ ಹಿಡಿದಂತೆ ಎಡಕ್ಕೂ ಇಳಿಸಿದರು. ಕೊಳ್ಳುವವರು ಅದನ್ನೇ ನಂಬಿದರು.

ಈ ಬೀರುವಿನಲ್ಲಿ ನಿಂತದ್ದು ಎಡಮಗ್ಗುಲು ಈಚೆಗೆ ಮಾಡಿ ನಿಂತಿತ್ತು. ಅದಕ್ಕೆ ರೆಕ್ಕೆ ಇರಲಿಲ್ಲ. ಚಕ್ರ ಪೂರ್ತಿ ತೆರೆದಿತ್ತು. ನಾಲ್ಕು ಸೀಳಿನ ಜಾಗದಲ್ಲಿ ಒಂದೇ ಒಂದು ಗೆರೆ, ಮುಂದಿನಿಂದ ಹಿಂದಕ್ಕೆ, ಮೀನಿನ ಮೈಮೇಲೆ ಬೆರಳಾಡಿಸಿದ ಹಾಗೆ.

ಯಾರೂ ನೋಡದ ಮಗ್ಗುಲು. ನೋಡದೆ ಇದನ್ನು ಮಾಡಲಾಗದು.

ಇವತ್ತು ಬೆಳಿಗ್ಗೆಯವರೆಗೂ ಅವಳ ಅನುಮಾನವೆಲ್ಲ ಡಬ್ಬಿಯ ಮೇಲೆ ಇತ್ತು. ಮಾದರಿ ಕಾರು ಮಾರುವ ಅಂಗಡಿಯವನು. ಕಾರಿಗಿಂತ ಅದು ಬಂದ ಡಬ್ಬಿಗೇ ಹೆಚ್ಚು ಬೆಲೆ ಹೇಳುವವನಾದ್ದರಿಂದ ಆ ಹೆಸರು. ಬೆಳಿಗ್ಗೆ ಅವನನ್ನು ಅಂಗಡಿಯಲ್ಲೇ ಹಿಡಿದಿದ್ದಳು.

"ನಿಮ್ಮಣ್ಣ ಕಾಣೆಯಾಗೋ ಹಿಂದಿನ ದಿನ ಇಲ್ಲೇ ಬಂದು ಕುಣಿದಾಡಿದ ಕಣಮ್ಮ. 'ಎಡಗಡೆ ಬೇರೆ ಕಣೋ, ಕಣ್ಣಾರೆ ನೋಡಿದೆ, ನೀನು ಮಾರಿದ ಇನ್ನೂರು ಬೆಳ್ಳಿಮೀನೂ ಸುಳ್ಳು' ಅಂದ. ಗಿರಾಕಿ ಎದುರಿಗೇ! ಒಂದು ಸಲ ಬಾಯಿ ಮುಚ್ಚಿಸಿಬಿಡೋಣ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ."

"ಮುಚ್ಚಿಸಿದ್ರಾ?"

"ನೀವೊಳ್ಳೆ! ನನಗೆ ಜಿರಲೆ ಹೊಡೆಯೋಕೇ ಆಗಲ್ಲ. ಕೇಳಿ, ಆ ಕಾರು ಒಡೆದು ಎಪ್ಪತ್ತು ವರ್ಷ ಆಯ್ತು. ಇಲ್ಲದ ಕಾರನ್ನ ಕಣ್ಣಾರೆ ನೋಡಿದೆ ಅನ್ನೋನಿಗೆ ಏನು ಹೇಳ್ತೀರಾ?"

ಅದು ಬೆಳಿಗ್ಗೆಯ ಮಾತು. ಈಗ ಉಗುರಿನ ಸಂದಿಯಲ್ಲಿ ಒಂದು ಚೂರು ಗುಲಾಬಿ ಇತ್ತು.

"ಹೆದರಿದೆಯೇನಮ್ಮಾ?"

ಗಾಜಿನ ತಾತ ಬಾಗಿಲಲ್ಲಿ ನಿಂತಿದ್ದರು. ತೇಪೆ ಹಾಕಿದ ಹಳೆಯ ಹಲ್ಲು ತೆಗೆದಿಟ್ಟು ಬಾಯಿ ಮುಕ್ಕಳಿಸಿ ಬಂದಿದ್ದರಿಂದ ಮುಖದ ಕೆಳಭಾಗ ಖಾಲಿ ಚೀಲದ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಎಂಬತ್ತೆರಡು ವರ್ಷ. ಬೆನ್ನು ಮಾತ್ರ ನೆಟ್ಟಗೆ.

"ಇಲ್ಲ ಸಾರ್. ಮೇಣ ಮೆತ್ತಗಾಗಿಬಿಡುತ್ತೆ ಅಂತ ಅವಸರ, ಅಷ್ಟೆ."

"ಹೊಸಬರಿಗೆ ಈ ಕೋಣೆ ಹಾಗೇ. ಎಲ್ಲಾ ಕಾರೂ ತಮ್ಮನ್ನೇ ನೋಡ್ತಿದಾವೆ ಅನ್ಸುತ್ತೆ."

"ಕೂತ್ಕೊಳಿ ಸಾರ್. ಬಾಯಿ ತೆಗೀರಿ. ಇನ್ನೂ ಸ್ವಲ್ಪ."

ಕೆಳಗಿನ ಸೆಟ್ಟು ಕೂರಿಸಿ, ಮೇಲಿನದನ್ನು ಒಳಗೆ ಜಾರಿಸಿ, ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಅಣ್ಣನ ಸುದ್ದಿ ಇದೇ ಬಾಯಲ್ಲಿದೆ. ತನ್ನ ಬೆರಳುಗಳೂ ಇದೇ ಬಾಯಲ್ಲಿವೆ. ತಾತನ ಕಣ್ಣು ಅವಳ ಮುಖದಿಂದ ಕದಲಲಿಲ್ಲ. ರೆಪ್ಪೆಯೂ ಬಡಿಯಲಿಲ್ಲ.

"ಕಚ್ಚಿ," ಎಂದಳು, ಬೆರಳು ಹಿಂದಕ್ಕೆ ತೆಗೆದುಕೊಂಡ ಮೇಲೆ.

ಕಚ್ಚಿದರು.

"ಎಲ್ಲಾದ್ರೂ ಒತ್ತುತ್ತಾ?"

ಇಲ್ಲವೆಂದು ತಲೆಯಾಡಿಸಿದರು.

"ಈಗ 'ಸ' ಬರೋ ಮಾತು ಏನಾದ್ರೂ ಹೇಳಿ ಸಾರ್. ಹಲ್ಲಿನ ಸಂದಿಯಿಂದ ಗಾಳಿ ಸೀಟಿ ಹೊಡೆಯುತ್ತಾ ನೋಡ್ಬೇಕು."

ಎಲ್ಲರೂ ಇಲ್ಲಿ ನಗುತ್ತಾರೆ, ಏನು ಹೇಳುವುದೆಂದು ತಡವರಿಸುತ್ತಾರೆ. ತಾತ ತಡವರಿಸಲಿಲ್ಲ.

"ಸೂಜಿ," ಎಂದರು. "ಸರಪಳಿ. ಸಾವಿರ." ಮೇಣದ ಹಲ್ಲು ಹೊಳೆಯದೆ, ಬಿಳಚಿಕೊಂಡು ಚಲಿಸಿತು. "ಸಾಕು. ಸುಳ್ಳು ಸಾಕು ಮಗಳೇ."

ಅವಳ ಕೈಯಲ್ಲಿದ್ದ ಚಿಮಟ ಬಟ್ಟಲಿಗೆ ಬಿತ್ತು.

"ಬೆಳ್ಳಿಮೀನಿನ ಮೂಗು ಒಂದು ಕೂದಲೆಳೆಯಷ್ಟು ಬಲಕ್ಕೆ ತಿರುಗಿದೆ. ಬೀರುವಿಗೆ ಕೀಲಿ ಹಾಕೋದು ನಾನು ಮರೆತುಹೋದೆ ಅಂದ್ಕೊಂಡ್ಯಾ? ಅರವತ್ತು ವರ್ಷದಲ್ಲಿ ಒಂದು ದಿನ ಮರೆತಿಲ್ಲ." ತಾತ ಎರಡೂ ಸೆಟ್ಟನ್ನು ತಾವೇ ಬಿಡಿಸಿ, ಜೋಪಾನವಾಗಿ ಅವಳ ಅಂಗೈಯಲ್ಲಿ ಇಟ್ಟರು. ಎಂಜಲಿನಿಂದ ಮೇಣ ಬೆಚ್ಚಗಿತ್ತು. "ನೀನು ಅದನ್ನ ಮೂಸಿ ನೋಡ್ದೆ. ನಿಮ್ಮಣ್ಣ ಹೇಳಿದ್ದ ಮಾತು ನಿಜ. 'ನನ್ನ ತಂಗಿ ಬಂದ್ರೆ ಕಣ್ಣಿಂದ ನೋಡಲ್ಲ, ಮೂಗಿಂದ ನೋಡ್ತಾಳೆ' ಅಂದಿದ್ದ."

ಇಲ್ಲ, ಗೊತ್ತಿಲ್ಲ, ಯಾವ ಅಣ್ಣ ಎನ್ನುವ ಮುದುಕನನ್ನು ಎದುರಿಸಲು ಸಿದ್ಧವಾಗಿ ಬಂದಿದ್ದಳು. ಬಸ್ಸಿನಲ್ಲಿ ಪ್ರತಿಯೊಂದು ಸುಳ್ಳಿಗೂ ಒಂದೊಂದು ಉತ್ತರ ಜೋಡಿಸಿಕೊಂಡಿದ್ದಳು. ಅವನ್ನೆಲ್ಲ ಬಿಟ್ಟು ಒಂದನ್ನೇ ಕೇಳಿದಳು.

"ಎಲ್ಲಿದಾನೆ?"

"ಹಿತ್ತಲ ಷೆಡ್ಡಲ್ಲಿ. ಕಾರಿನ ಜೊತೆ."

"ಕಾರು ಒಡೆದುಹಾಕಿದ್ರಲ್ಲ."

"ಒಡೀಬೇಕಿತ್ತು. ಕಂಪನಿಯಲ್ಲಿ ನಮ್ಮಪ್ಪ ತಗಡು ಬಡಿಯೋ ಕೆಲಸದವನು. ಆ ಕಾಲದ ಡಿಸೈನಿನವರು ಒಂದು ಮೈಗೆ ಎರಡು ರೂಪ ಕೊಟ್ಟು ನೋಡ್ತಿದ್ರು. ಎಡಕ್ಕೊಂದು, ಬಲಕ್ಕೊಂದು. ಯಾವುದು ಚೆನ್ನ ಅಂತ ತೀರ್ಮಾನ ಆದ್ಮೇಲೆ ಇನ್ನೊಂದನ್ನ ಕೆಡವೋದು. ಮಣ್ಣಿನ ಅಚ್ಚಲ್ಲಿ ಮಾಡೋ ಕೆಲಸ ಅದು. ಬೆಳ್ಳಿಮೀನಿಗೆ ಅಷ್ಟು ಸಮಯವೇ ಸಿಗಲಿಲ್ಲ. ತಗಡಲ್ಲೇ ಎರಡು ಮಗ್ಗುಲು ಹಾಗೇ ಉಳಿದುಹೋಯ್ತು, ಒಂದನ್ನ ಗೋಡೆಗೆ ತಿರುಗಿಸಿ ಪ್ರದರ್ಶನ ಮುಗಿಸಿದ್ರು." ತಾತ ಮಗುವಿಗೆ ಕಥೆ ಹೇಳುವಂತೆ ಹೇಳುತ್ತಿದ್ದರು. "ಒಡೆಯೋಕೆ ಅಪ್ಪನ ಕೈಗೆ ಕೊಟ್ರು. ಅಪ್ಪ ಒಡೀಲಿಲ್ಲ. ಒಡೆದೆ ಅಂತ ಮಾತು ಕೊಟ್ಟು ಬಚ್ಚಿಟ್ಟ. ಸಾಯೋವಾಗ ನನ್ನ ಕೈ ಹಿಡಿದು ಹೇಳಿದ: ಒಂದು ನಿಜವಾದ ಪ್ರತಿ ಮಾಡಿಸು, ಎರಡೂ ಮಗ್ಗುಲು ಇರೋದು. ಅದಾದ್ಮೇಲೆ ಒಡೆದುಬಿಡು. ನನ್ನ ಮಾತು ಸುಳ್ಳಾಗಿ ಉಳೀಬಾರದು."

"ಅದಕ್ಕೆ ನಮ್ಮಣ್ಣನ್ನ ಕೂಡಿಹಾಕಿದೀರಾ?"

"ಯಾರು ಕೂಡಿಹಾಕಿದ್ದು? ಷೆಡ್ಡಿಗೆ ಬೀಗ ಇಲ್ಲ. ಹೋಗು, ನೋಡು, ಮಾತಾಡು. ಬರ್ತೀನಿ ಅಂದ್ರೆ ಕರ್ಕೊಂಡು ಹೋಗು." ತಾತ ಕೋಲಿನ ಹಿಡಿಯ ಮೇಲೆ ಗದ್ದ ಇಟ್ಟು ನಕ್ಕರು. ಹಲ್ಲಿಲ್ಲದ ಬಾಯಿ ಕಪ್ಪಗೆ ತೆರೆದುಕೊಂಡಿತು. "ಆ ಕೆಳಗಿನ ಸೆಟ್ಟು ಇನ್ನೊಮ್ಮೆ ನೋಡಬೇಕು, ಮರೀಬೇಡ. ನಾನು ಇಲ್ಲೇ ಕೂತಿರ್ತೀನಿ."

ಹೆದರಿಸಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ.

ಕಾರಿಡಾರು ಹಿಡಿದು ಹಿತ್ತಲ ಕಡೆಗೆ ನಡೆದಳು. ಹೊರಗೆ ಇಳಿಹೊತ್ತಿನ ಬಿಸಿಲು. ಅಡುಗೆಮನೆಯ ಬಾಗಿಲು ದಾಟುವಾಗ ಒಳಗಿಂದ ಒಂದು ಒದ್ದೆ ಕೈ ಬಂದು ಅವಳ ಮೊಣಕೈ ಹಿಡಿದು ಎಳೆಯಿತು.

ಸೊಸೆ. ಸೋಪಿನ ನೊರೆ ಮೊಣಕೈವರೆಗೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರಿನ ಸದ್ದು ಜೋರು ಮಾಡಿದಳು.

"ಅಕ್ಕಾ, ಹೋಗಬಹುದು ಅಂದ್ರಾ ಮಾವ?"

"ಹೂಂ."

"ಮೇಷ್ಟ್ರಿಗೂ ಹಾಗೇ ಅಂದಿದ್ರು. ಬೀಗ ಇಲ್ಲ, ಯಾವಾಗ ಬೇಕಾದ್ರೂ ಹೋಗಿ ಅಂತ."

"ಯಾವ ಮೇಷ್ಟ್ರು?"

"ನಿಮ್ಮಣ್ಣನ್ನ ಕರೆಸೋಕೆ ಮುಂಚೆ ಷೆಡ್ಡಲ್ಲಿ ಕೂತಿದ್ರಲ್ಲ, ಅವರು. ನಿಮ್ಮಣ್ಣನಿಗೆ ಕೆಲಸ ಕಲಿಸಿದೋರಂತೆ. ಒಂದಿನ ಬೆಳಿಗ್ಗೆ ಹೊರಡ್ತೀನಮ್ಮ ಅಂದ್ರು. ಸಂಜೆ ತಟ್ಟೆ ಇಸ್ಕೊಳೋಕೆ ಹೋದ್ರೆ ಇಲ್ಲ." ಸೊಸೆ ಕಿಟಕಿಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. "ಹೋದ್ರು ಅಂದ್ರು ಮಾವ. ಚಪ್ಪಲಿ ಮಾತ್ರ ಷೆಡ್ಡಿನ ಬಾಗಿಲಲ್ಲೇ ಇತ್ತು ಅಕ್ಕಾ. ನಾನು ನೋಡಿದೆ. ಮಾರನೇ ದಿನ ಅದೂ ಇಲ್ಲ."

ಮೇಷ್ಟ್ರ ಹೆಣ ಹೋದ ವರ್ಷ ಊರಾಚೆಯ ಕಲ್ಲುಗಣಿಯ ನೀರಿನಲ್ಲಿ ತೇಲಿತ್ತು. ಕಾಲು ಜಾರಿ ಬಿದ್ದಿರಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವಳೂ ಒಪ್ಪಿಕೊಂಡಿದ್ದಳು.

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ನನ್ನ ಮಕ್ಕಳು ಈ ಮನೇಲಿ ಮಲಗ್ತವೆ." ಸೊಸೆ ನೊರೆಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಿತ್ತಲ ಗೇಟಿನ ಚಿಲಕ ತೆಗೆದಿಟ್ಟಿದೀನಿ. ಪಾತ್ರೆ ತೊಳೆಯೋಕೆ ಹತ್ತು ನಿಮಿಷ ಬೇಕು ನನಗೆ. ಹತ್ತೇ. ಆಮೇಲೆ ಬಂದು ಹಾಕಿಬಿಡ್ತೀನಿ. ನಾನೇನೂ ನೋಡಿಲ್ಲ."

ಹಿತ್ತಲು ಉದ್ದಕ್ಕಿತ್ತು. ಒಣಹಾಕಿದ ಬಟ್ಟೆ, ಮುರಿದ ಸೈಕಲ್ಲು, ತಗಡಿನ ರಾಶಿ. ಕೊನೆಯಲ್ಲಿ ಷೆಡ್ಡು, ಅದರ ಪಕ್ಕ ಗೇಟು. ಗೇಟು ಬೆರಳಗಲ ತೆರೆದಿತ್ತು. ಸಂದಿಯಲ್ಲಿ ಬೀದಿಯ ಬೆಳಕು ಕಾಣುತ್ತಿತ್ತು, ಯಾರೋ ಸ್ಕೂಟರ್ ಒದೆಯುತ್ತಿದ್ದ ಸದ್ದೂ ಕೇಳುತ್ತಿತ್ತು. ಓಡಿಹೋಗಿಬಿಡು ಎಂದಿತು ಕಾಲು. ಅವಳು ಅದರ ಮಾತು ಕೇಳಲಿಲ್ಲ.

ಷೆಡ್ಡಿನ ಬಾಗಿಲಿಗೆ ನಿಜವಾಗಿಯೂ ಬೀಗವಿರಲಿಲ್ಲ. ಆದರೆ ಚಿಲಕ ಹೊರಗಡೆಗಿತ್ತು. ಒಳಗೆ ಹೋದ ಮೇಲೆ ಯಾರಾದರೂ ಎಳೆದರೆ ಮುಗಿಯಿತು. ತಗಡಿನ ರಾಶಿಯಿಂದ ಒಂದು ತುಂಡು ಎತ್ತಿ ಹೊಸ್ತಿಲಿಗೆ ಅಡ್ಡವಾಗಿ ಸಿಕ್ಕಿಸಿದಳು. ಎರಡು ಸಲ ಒದ್ದು ನೋಡಿದಳು, ಕದಲಲಿಲ್ಲ. ಆಮೇಲೆ ಒಳಗೆ ಕಾಲಿಟ್ಟಳು.

ಮೊದಲು ಕಂಡದ್ದು ಅಣ್ಣನಲ್ಲ.

ಅದು ಇಡೀ ಷೆಡ್ಡನ್ನು ತುಂಬಿಕೊಂಡು ಮಲಗಿತ್ತು. ನಾಲ್ಕು ಟ್ಯೂಬ್‌ಲೈಟಿನ ಕೆಳಗೆ, ಬೆಳ್ಳಿ ಮಾಸಿ ಬೂದಿಯಾದ ಬಣ್ಣದಲ್ಲಿ, ಇಷ್ಟು ದೊಡ್ಡದೆಂದು ಅವಳು ಯಾವತ್ತೂ ಊಹಿಸಿರದ ಬೆಳ್ಳಿಮೀನು. ಮೂಗಿನ ಎದುರು ನಿಂತರೆ ಎರಡು ಕಾರು ಒಟ್ಟಿಗೆ ಕಾಣುತ್ತಿತ್ತು. ಬಲಗಡೆಯದು ಹಾರಲು ಹೊರಟಿತ್ತು. ಎಡಗಡೆಯದು ಸುಮ್ಮನೆ ಈಜುತ್ತಿತ್ತು. ನಡುವೆ ಹೊಲಿಗೆ ಇಲ್ಲ, ಗೆರೆ ಇಲ್ಲ. ಒಂದು ಮುಖ ಇನ್ನೊಂದು ಮುಖದೊಳಕ್ಕೆ ಯಾವಾಗ ಜಾರಿತೆಂದೇ ತಿಳಿಯುವುದಿಲ್ಲ. ಅದನ್ನು ಮಾಡಿದವರ ಬಗ್ಗೆ ಅವಳಿಗೆ ಭಯವಾಯಿತು.

"ಹಲ್ಲೀ, ಬಾಗಿಲು ಹಾಕು. ಧೂಳು ಬರುತ್ತೆ."

ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳೆಂದು ಇಟ್ಟ ಹೆಸರು. ಹಾಗೆ ಕರೆಯುವವನು ಭೂಮಿಯ ಮೇಲೆ ಒಬ್ಬನೇ.

ಅಣ್ಣ ಎಡಚಕ್ರದ ಪಕ್ಕ ಮಂಡಿಯೂರಿದ್ದ. ಕೈಯಲ್ಲಿ ಅಳತೆಯ ಕ್ಯಾಲಿಪರ್. ಗಡ್ಡ ಬೆಳೆದಿತ್ತು, ಅಂಗಿಯೊಳಗೆ ಭುಜದ ಮೂಳೆ ಎದ್ದಿತ್ತು. ಅವಳ ಕಡೆ ತಿರುಗಿ ಕೂಡ ನೋಡದೆ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡ.

"ಅಣ್ಣಾ!" ಕೂಗಬೇಕೆಂದು ಬಾಯಿ ತೆರೆದರೆ ಪಿಸುಮಾತು ಹೊರಟಿತು. "ಎದ್ದೇಳು. ಗೇಟು ತೆಗೆದಿದೆ. ಎದ್ದೇಳೋ."

"ಒಂದು ನಿಮಿಷ. ಈ ಬಾಗು ನೋಡು, ನಿನ್ನೆ ಅಳೆದಾಗ ಒಂದು ಲೆಕ್ಕ, ಇವತ್ತು ಇನ್ನೊಂದು. ಬಿಸಿಲಿಗೆ ತಗಡು ಹಿಗ್ಗುತ್ತೆ ಕಣೇ. ಬೆಳಿಗ್ಗೆ ಅಳೀಬೇಕಿತ್ತು."

"ಹನ್ನೊಂದು ದಿನ ಆಯ್ತು! ಆಸ್ಪತ್ರೆ ಸುತ್ತಿದೆ, ಶವಾಗಾರಕ್ಕೂ ಹೋಗಿಬಂದೆ, ಗೊತ್ತಾ ನಿನಗೆ? ಹೆಣದ ಮೇಲಿನ ಬಟ್ಟೆ ಸರಿಸಿ ತೋರಿಸಿದ್ರು ನನಗೆ."

ಕ್ಯಾಲಿಪರ್ ಒಂದು ಕ್ಷಣ ನಿಂತಿತು. "ಯಾರದ್ದು?"

"ಯಾರದ್ದೋ! ನಿನ್ನದಲ್ಲ, ಸಾಕಲ್ಲ?"

ಕೆಲಸದ ಮೇಜಿನ ಮೇಲೆ ದೊಡ್ಡ ಮಾದರಿ ನಿಂತಿತ್ತು. ಎಂಟನೇ ಒಂದು ಪಾಲಿನದು, ತೋಳುದ್ದ. ಮೈಪೂರ್ತಿ ಇನ್ನೂ ಬೋಳು ಗುಲಾಬಿ, ಚರ್ಮ ಸುಲಿದ ಪ್ರಾಣಿಯ ಹಾಗೆ. ಅದರ ಸುತ್ತ ಅರ, ಚಿಮಟ, ಸ್ಕ್ರೂ ತುಂಬಿದ ತಗಡಿನ ಡಬ್ಬಗಳು. ಅವನ ಚೀಲ ಎಲ್ಲಿದೆಯೆಂದು ಹುಡುಕುತ್ತ ಅವಳು ಡಬ್ಬಗಳನ್ನು ಸರಿಸಿದಳು. ಒಂದರ ಮುಚ್ಚಳ ಬಿದ್ದುಹೋಯಿತು.

ಸ್ಕ್ರೂಗಳ ನಡುವೆ ಒಂದು ಹಲ್ಲುಸೆಟ್ಟು.

ಮೇಲ್ದವಡೆಯದು. ಎಡಗಡೆಯ ಕೋರೆಹಲ್ಲು ಬೇಕೆಂದೇ ಓರೆ ಕೂರಿಸಿದ್ದು. 'ನನ್ನ ಹಲ್ಲು ಹುಟ್ಟಿದಾಗಿಂದ ಸೊಟ್ಟ ಕಣಮ್ಮ. ನೆಟ್ಟಗೆ ಕಟ್ಟಿಬಿಟ್ರೆ ಇದು ನಾನೇ ಅಂತ ಮನೆಯಲ್ಲಿ ಯಾರೂ ನಂಬಲ್ಲ' ಎಂದು ಮೇಷ್ಟ್ರು ನಗುತ್ತ ಹೇಳಿದ್ದರು. ಅವಳು ಆ ಹಲ್ಲನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ್ದಳು. ಬರೆದವರಿಗೆ ತಮ್ಮ ಅಕ್ಷರ ಗೊತ್ತಾಗುವಂತೆ ಕಟ್ಟಿದವರಿಗೆ ತಮ್ಮ ಹಲ್ಲು ಗೊತ್ತಾಗುತ್ತದೆ. ಗಣಿಯ ನೀರಿನಿಂದ ಎತ್ತಿದಾಗ ಮೇಷ್ಟ್ರ ಬಾಯಲ್ಲಿ ಅದಿರಲಿಲ್ಲ. ನೀರು ಕೊಂಡೊಯ್ದಿದೆ ಎಂದಿದ್ದರು.

ನೀರು ಇಷ್ಟು ದೂರ ಬಂದು ಸ್ಕ್ರೂ ಡಬ್ಬದಲ್ಲಿ ಇಟ್ಟುಹೋಗುವುದಿಲ್ಲ.

ಅವಳು ಅದನ್ನು ಎತ್ತಿಕೊಂಡಳು. ಒಳಮೈಯ ಗುಲಾಬಿಯ ಮೇಲೆ ಒಂದು ಸೀಳು ಇತ್ತು, ಬಲವಾದ ಪೆಟ್ಟು ಬಿದ್ದರೆ ಬರುವಂಥದ್ದು. ಅಣ್ಣನ ಕಡೆ ತಿರುಗಿದಳು.

"ಅಣ್ಣಾ. ಇದು ಮೇಷ್ಟ್ರದು."

"ಗೊತ್ತು," ಎಂದ ಅಣ್ಣ.

ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು.

"ಏನು ಗೊತ್ತು?"

"ಮೇಷ್ಟ್ರದು ಅಂತ. ಸೀಟಿನ ಕೆಳಗೆ ಸಿಕ್ತು. ಬಂದ ಮೊದಲನೇ ದಿನಾನೇ." ಅವನು ಮೊದಲ ಸಲ ತಲೆಯೆತ್ತಿದ. ಕಣ್ಣು ಗುಳಿ ಬಿದ್ದಿತ್ತು, ಆದರೆ ಮಂಕಾಗಿರಲಿಲ್ಲ. ಅದೇ ಅವಳ ಜೀವ ಹಿಂಡಿತು. "ಮುದುಕನಿಗೆ ಗೊತ್ತಿಲ್ಲ, ನನ್ನ ಹತ್ತಿರ ಇದೆ ಅಂತ."

"ಮೊದಲನೇ ದಿನಾನೇ ಗೊತ್ತಿತ್ತು. ಗೊತ್ತಿದ್ದೂ ಇಲ್ಲಿ ಕೂತಿದೀಯ."

"ಮೇಷ್ಟ್ರು ಬಲಗಡೆ ಪೂರ್ತಿ ಅಳೆದಿದ್ರು. ಪುಸ್ತಕ ಇದೆ, ನೋಡು, ಎಂಥ ಅಕ್ಷರ! ಎಡಗಡೆ ಅರ್ಧಕ್ಕೆ ನಿಂತಿತ್ತು. ಎಡಗಡೆ ಯಾರೂ ನೋಡಿಲ್ಲ ಕಣೇ. ಮಾಡಿದೋರು ಬಿಟ್ರೆ ಇಬ್ಬರು ಮೂವರು."

"ಮುಗಿದ ದಿನ ಅದನ್ನ ಒಡೀತಾನೆ. ನನಗೇ ಹೇಳ್ದ. ಅವತ್ತೇ ನಿನ್ನನ್ನೂ..." ಸೆಟ್ಟನ್ನು ಅವನ ಮುಖದ ಎದುರು ಹಿಡಿದಳು.

"ಅದಕ್ಕೇ ಮುಗಿಸ್ತಾ ಇಲ್ಲ." ಅವನು ದನಿ ತಗ್ಗಿಸಿದ. "ಒಂದು ಬಾಗು ಮೂರು ಸಲ ಅಳೀತೀನಿ. ಎರಕ ಹೊಯ್ದು, ಕೆಟ್ಟುಹೋಯ್ತು ಅಂತ ಒಡೆದು, ಮತ್ತೆ ಹೊಯ್ತೀನಿ. ಒಂದು ಸಣ್ಣದು ಮಾಡಿಕೊಟ್ಟೆ, ಅದನ್ನ ನೋಡ್ಕೊಂಡು ಕೂತಿದಾನೆ. ನಾನು ಹೋದ್ರೆ ಗುಜರಿಯವನಿಗೆ ನಾಳೆ ಬೆಳಿಗ್ಗೆನೇ ಫೋನು ಮಾಡ್ತಾನೆ. ಇನ್ನೊಬ್ಬನ್ನ ಹುಡುಕೋ ವಯಸ್ಸು ಅವನಿಗಿಲ್ಲ."

"ತಗಡು ಅಣ್ಣಾ ಅದು! ತಗಡು!"

"ಮೆಲ್ಲಗೆ."

ಹೊರಗೆ, ಹಿತ್ತಲ ಕಲ್ಲುಹಾಸಿನ ಮೇಲೆ, ಒಂದು ಸದ್ದು. ಟಕ್. ತುಸು ಹೊತ್ತು ಏನೂ ಇಲ್ಲ. ಟಕ್.

ಇಲ್ಲೇ ಕೂತಿರುತ್ತೇನೆ ಎಂದವರು ಕೂತಿರಲಿಲ್ಲ.

ಅವಳು ಅವನ ತೋಳು ಹಿಡಿದು ಎಬ್ಬಿಸಿದಳು, ಕ್ಯಾಲಿಪರ್ ನೆಲಕ್ಕೆ ಬಿತ್ತು. ಮೂಳೆಯೇ ಕೈಗೆ ಸಿಕ್ಕಿತು. "ಕೇಳು. ಬಾಗಿಲಿಂದ ಗೇಟಿಗೆ ಆರು ಹೆಜ್ಜೆ. ಆ ಕಡೆ ಬೀದಿ, ಜನ ಇದಾರೆ. ಮುದುಕ ಓಡೋಕಾಗಲ್ಲ. ಈ ಸೆಟ್ಟು ನನ್ನ ಕೈಲಿದೆ, ಸೀದಾ ಠಾಣೆಗೆ ಹೋಗೋಣ. ನಾನು ಕಟ್ಟಿದ್ದು ಅಂತ ಬರೆದುಕೊಡ್ತೀನಿ. ಪೊಲೀಸರು ಬಂದ್ರೆ ಕಾರಿಗೂ ಕಾವಲು ಹಾಕ್ತಾರೆ. ನಿನ್ನ ಕಾರೂ ಉಳಿಯುತ್ತೆ, ನೀನೂ ಉಳೀತೀಯ. ಇನ್ನೇನು ಬೇಕು ನಿನಗೆ?"

"ಠಾಣೆಯವರು ಬರೋಕೆ ಎಷ್ಟು ಹೊತ್ತು?"

"ಒಂದು ಗಂಟೆ. ಎರಡು."

"ಮೇಜಿನ ಕೆಳಗೆ ನೋಡು."

ಬಗ್ಗಿ ನೋಡಿದಳು. ಉದ್ದ ಹಿಡಿಯ ಸುತ್ತಿಗೆ ಒಂದು. ಪಕ್ಕದಲ್ಲಿ ಎರಡು ದೊಡ್ಡ ಕ್ಯಾನು, ಮುಚ್ಚಳ ಸಡಿಲ. ಇಷ್ಟು ಹೊತ್ತೂ ಗುಲಾಬಿ ಪುಡಿಯ ಘಾಟಿನಡಿ ಇನ್ನೊಂದು ವಾಸನೆ ಇತ್ತು. ಮೂಗಿನಿಂದ ನೋಡುವವಳಿಗೂ ಅದು ತಿಳಿದಿರಲಿಲ್ಲ. ಪೆಟ್ರೋಲು.

"ಅವನೇ ತಂದಿಟ್ಟಿದ್ದು. ದಿನಾ ಬಂದು ಕ್ಯಾನು ಅಲ್ಲಾಡಿಸಿ ನೋಡ್ಕೊಂಡು ಹೋಗ್ತಾನೆ," ಎಂದ ಅಣ್ಣ. "ಎರಡು ಗಂಟೆ ಬೇಡ ಅವನಿಗೆ."

ಟಕ್. ಈಗ ಒಣಹಾಕಿದ ಬಟ್ಟೆ ದಾಟಿ ಈಚೆ. ಹೊಸ್ತಿಲಿಗೆ ಸಿಕ್ಕಿಸಿದ ತಗಡಿನ ಮೇಲೆ ಬಿಸಿಲು ಬಿದ್ದಿತ್ತು, ಆ ಬಿಸಿಲಿನೊಳಕ್ಕೆ ಒಂದು ಕೋಲಿನ ನೆರಳು ನಿಧಾನವಾಗಿ ಉದ್ದವಾಗುತ್ತಿತ್ತು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಅಮ್ಮ ಹೋದ್ಮೇಲೆ ನನಗೆ ಇರೋದು ನೀನೊಬ್ಬ. ಚಪ್ಪಲಿನೂ ಬೇಡ, ಚೀಲನೂ ಬೇಡ. ಬಾ."

ಅವಳು ಕೈ ಚಾಚಿದಳು. ಅವನ ಎದೆಯ ಮುಂದೆ ಆ ಕೈ ತೆರೆದೇ ಇತ್ತು.

ಅಣ್ಣ ಆ ಕೈಯನ್ನು ನೋಡಿದ. ಆಮೇಲೆ ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿ, ನೆಲದಿಂದ ಕ್ಯಾಲಿಪರ್ ಎತ್ತಿಕೊಂಡು, ಎಡಮಗ್ಗುಲಿಗೆ ತಿರುಗಿ ಮಂಡಿಯೂರಿದ.

"ನಾನು ಬರೋದಿಲ್ಲ," ಎಂದ.